ಹುಬ್ಬಿನ ಗಾಯ ಕಣ್ಣಿಗೆ ಇಳಿಯುವ ಮುನ್ನ

ಈ ವಾರ ಬೆಳೆ ರೋಗ ಬಿಟ್ಟು ನಮ್ಮ ಕಣ್ಣಿನ ವಿಷಯ ಮಾತಾಡೋಣ.

ನಮ್ಮ ತಾಯಲೂರು ಕಡೆ ಟೊಮ್ಯಾಟೊಗೆ ನೀಲಗಿರಿ ಕಡ್ಡಿ ನೆಡುವಾಗ ಮುಖಕ್ಕೆ ಗೀರು ಬೀಳೋದು ಮಾಮೂಲು. ಹೋದ ಬೇಸಿಗೆಯಲ್ಲಿ ನನ್ನ ಹುಬ್ಬಿನ ಮೇಲೂ ಒಂದು ಗೀರಾಯ್ತು. ಗೊಬ್ಬರ ಮುಟ್ಟಿದ ಕೈಯಲ್ಲೇ ಬೆವರು ಒರೆಸಿಕೊಂಡೆ. ಮೂರನೇ ದಿನ ಕೀವು ತುಂಬಿತು, ಹಿಂಡಿಬಿಟ್ಟೆ. ಮಾರನೇ ದಿನ ರೆಪ್ಪೆ ಊದಿ ಕಣ್ಣು ಬಿಡೋಕೇ ಆಗಲಿಲ್ಲ. "ಕೊಯ್ಲು ಮುಗೀಲಿ" ಅಂದೆ, ಅಮ್ಮ ಬಿಡಲಿಲ್ಲ. ಬೇಗ ಹೋಗಿದ್ದಕ್ಕೆ ಮಾತ್ರೆಯಲ್ಲೇ ವಾಸಿಯಾಯ್ತು.

ಒಳಗೆ ಏನಾಗುತ್ತೆ?

ಗಾಯ, ಕುರು, ಕಣ್ಣುಕುಟಿಕೆ ಅಥವಾ ಹುಳ ಕಚ್ಚಿದ ಜಾಗದಿಂದ ಸ್ಟೆಫೈಲೊಕಾಕಸ್, ಸ್ಟ್ರೆಪ್ಟೊಕಾಕಸ್‌ನಂಥ ಬ್ಯಾಕ್ಟೀರಿಯಾ ಒಳಹೊಗುತ್ತವೆ. ರೆಪ್ಪೆಯ ಹಿಂದೆ ಒಂದು ತೆಳು ಪರದೆಯಿದೆ. ಸೋಂಕು ಅದರ ಮುಂದೆಯೇ ನಿಂತರೆ ರೆಪ್ಪೆ ಊದುತ್ತೆ, ದೃಷ್ಟಿಗೆ ತೊಂದರೆಯಿಲ್ಲ. ಹಿಂದಕ್ಕೆ ದಾಟಿದರೆ ಅದು ಆರ್ಬಿಟಲ್ ಸೆಲ್ಯುಲೈಟಿಸ್. ಸೈನಸ್ ಸೋಂಕಿನಿಂದಲೂ ಇದು ಬರುತ್ತೆ. ಒಳಗಿನ ಊತ ದೃಷ್ಟಿ ನರವನ್ನು ಒತ್ತಿದರೆ ಕಣ್ಣು ಶಾಶ್ವತವಾಗಿ ಹೋಗಬಹುದು. ಸೋಂಕು ಮಿದುಳಿಗೂ ಹರಡಬಹುದು.

ಈ ಲಕ್ಷಣ ಕಂಡರೆ ಅದೇ ದಿನ ಆಸ್ಪತ್ರೆಗೆ

- ಕಣ್ಣು ಆಡಿಸಿದರೆ ನೋವು, ಅಥವಾ ಆಡಿಸೋಕೇ ಆಗದಿರುವುದು
- ಮಂಜು ಮಂಜಾಗಿ, ಅಥವಾ ಒಂದು ಎರಡಾಗಿ ಕಾಣುವುದು
- ಕಣ್ಣುಗುಡ್ಡೆ ಮುಂದಕ್ಕೆ ಬಂದಂತಿರುವುದು
- ಊತದ ಜೊತೆ ಜ್ವರ, ವಿಪರೀತ ತಲೆನೋವು, ವಾಂತಿ

ಕಣ್ಣು ಊದಿ ಮುಚ್ಚಿದ್ದರೆ ರೆಪ್ಪೆಯನ್ನು ಮೆಲ್ಲಗೆ ಎತ್ತಿ, ಇನ್ನೊಂದು ಕಣ್ಣು ಮುಚ್ಚಿ, ಮೊಬೈಲಿನ ಅಕ್ಷರ ಕಾಣುತ್ತಾ ನೋಡಿ. ಕಂಡರೂ ಊತ ಇದ್ದರೆ ಡಾಕ್ಟರಿಗೆ ತೋರಿಸಲೇಬೇಕು. ಮಕ್ಕಳು ಮತ್ತು ಸಕ್ಕರೆ ಕಾಯಿಲೆ ಇರುವವರ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಮೇಲಿನ ಲಕ್ಷಣಗಳಿದ್ದರೆ ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಯಂಥ ದೊಡ್ಡ ಕಡೆಗೇ ಹೋಗಿ. ನರಕ್ಕೆ ಔಷಧಿ ಕೊಡಬೇಕಾಗುತ್ತೆ, ಸ್ಕ್ಯಾನ್ ಬೇಕಾಗಬಹುದು. ಗಾಡಿ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿ.

ತೋಟದಲ್ಲಿ ಏನು ಮಾಡಬೇಕು?

ಗೀರು ಬಿದ್ದ ತಕ್ಷಣ ಸೋಪು, ಶುದ್ಧ ನೀರಿನಿಂದ ತೊಳೆಯಿರಿ. ಜೀವಾಮೃತ, ಸಗಣಿ ಮುಟ್ಟಿದ ಕೈ ಮುಖಕ್ಕೆ ಬೇಡ. ಕಡ್ಡಿ ನೆಡುವಾಗ ಕನ್ನಡಕ ಹಾಕಿಕೊಳ್ಳಿ. ಕುರು ಹಿಂಡಬೇಡಿ. ಕಣ್ಣಿಗೆ ಸೊಪ್ಪಿನ ರಸ ಬಿಡಬೇಡಿ, ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಡ್ರಾಪ್ಸೂ ಬೇಡ. ಕೊಟ್ಟ ಆಂಟಿಬಯಾಟಿಕ್ ಕೋರ್ಸ್ ಪೂರ್ತಿ ಮುಗಿಸಿ.

ನಾನೂ ಸಾವಯವ ಕೃಷಿಕನೇ. ಆದರೆ ಸಾವಯವ ಅಂದರೆ ಎಲ್ಲಕ್ಕೂ ಮನೆಮದ್ದು ಅಂತಲ್ಲ. ಒಂದು ಕೊಯ್ಲು ತಪ್ಪಿದರೆ ಮುಂದಿನ ಬೆಳೆ ಇದೆ, ಕಣ್ಣು ಹೋದರೆ ಮತ್ತೆ ಬರಲ್ಲ.