ನೀರಾನೆಗೆ ಬಿದ್ದ ಖರ್ಚು

ನೀರಾನೆಯ ಚಿತ್ರವಿರುವ ಆಂಟೋನಿನಿಯಾನಸ್ ಎಂಬ ರೋಮನ್ ನಾಣ್ಯವೊಂದಕ್ಕೆ ಈ ಅಂಕಣಕಾರ ಕೂಗಿದ್ದು 200 ಯುರೋ. ಕೆಲಸ ಜರ್ಮನಿಯಲ್ಲಿ, ಹರಾಜೂ ಅಲ್ಲಿಯದೇ. ಅದೇ ಸಾಲಿನ ಸಿಂಹ ಮತ್ತು ಹೆಣ್ಣುತೋಳದ ನಾಣ್ಯಗಳು ಮೊದಲೇ ಡಬ್ಬಿ ಸೇರಿದ್ದವು. ಅವೆರಡಕ್ಕೂ ಸೇರಿ ಕೊಟ್ಟದ್ದಕ್ಕಿಂತ ಇದೊಂದಕ್ಕೇ ಹೆಚ್ಚು ಬಿತ್ತು.

ಕ್ರಿ.ಶ. 248ರಲ್ಲಿ ಚಕ್ರವರ್ತಿ ಫಿಲಿಪ್ ರೋಮ್ ನಗರದ ಸಾವಿರ ವರ್ಷದ ಉತ್ಸವ ನಡೆಸಿದ. ಟಂಕಸಾಲೆಯ ಆರು ವಿಭಾಗಗಳು ಉತ್ಸವದ ನಾಣ್ಯಗಳಿಗೆ ಮೃಗಗಳ ಅಚ್ಚು ಒತ್ತಿ, ಅಡಿಯಲ್ಲಿ ತಂತಮ್ಮ ಸಂಖ್ಯೆ ಹಾಕಿದವು. ನಾಲ್ಕನೆಯದರಲ್ಲಿ ಒಂದು ಬದಿಗೆ ಸಾಮ್ರಾಜ್ಞಿ ಒಟಾಸಿಲಿಯಾ ಸೆವೇರಾ, ಇನ್ನೊಂದು ಬದಿಗೆ ನೀರಾನೆ, ಕೆಳಗೆ ನಾಲ್ಕು ಗೆರೆ. ಸಾಲು ಪೂರ್ತಿ ಮಾಡಹೊರಟವರೆಲ್ಲ ಇದಕ್ಕೇ ಮುಗಿಬೀಳುತ್ತಾರೆ. ಹರಾಜಿಗೆ ಬರುತ್ತಲೇ ಇರುವ ನಾಣ್ಯವನ್ನು 'ಅಪರೂಪ' ಎಂದು ಮಾರುವವರ ಧೈರ್ಯ ದೊಡ್ಡದು!

ಈಗ ಲೆಕ್ಕ. ಕೂಗು 200. ಅದರ ಮೇಲೆ ಹರಾಜು ಸಂಸ್ಥೆಯ ಪ್ರೀಮಿಯಂ 20 ಪರ್ಸೆಂಟ್, ಅಂದರೆ 40. ಅಂಚೆ, ವಿಮೆಗೆ 20. ಕೈಬಿಟ್ಟು ಹೋದದ್ದು 260. ನಾಳೆಯೇ ಅದೇ 200ಕ್ಕೆ ಮಾರಿದರೆ 15 ಪರ್ಸೆಂಟ್ ಕಮಿಷನ್ ಹೋಗಿ ಬರುವುದು 170. ಮೂರರಲ್ಲಿ ಒಂದು ಪಾಲಿಗೂ ಹೆಚ್ಚು ಅಲ್ಲೇ ಕರಗಿತು. ಹಾಕಿದ 260 ಮರಳಬೇಕಾದರೆ ಕೂಗು 306 ಮುಟ್ಟಬೇಕು. ವರ್ಷಕ್ಕೆ 5 ಪರ್ಸೆಂಟ್ ಏರಿದರೂ ಹೆಚ್ಚುಕಡಿಮೆ ಒಂಬತ್ತು ವರ್ಷ. ಅಷ್ಟರಲ್ಲಿ ಎಫ್‌ಡಿ ಎಷ್ಟು ಬೆಳೆಯುತ್ತಿತ್ತು ಎಂಬುದನ್ನು ಮನೆಯಲ್ಲಿ ಯಾರೂ ಕೇಳದಿದ್ದರೆ ಸಾಕು.

ಆದರೂ ಈ ಕೂಗಿನ ಬಗ್ಗೆ ಅಂಕಣಕಾರನಿಗೆ ತಕರಾರಿಲ್ಲ. ಮೈ ಉರಿಯುವುದು ಉಡುಗೊರೆ ಪೆಟ್ಟಿಗೆಗಳನ್ನು ಕಂಡರೆ. ವೆಲ್ವೆಟ್ ಹಾಸು, ಬಂಗಾರದ ಅಕ್ಷರ, ಸವೆದ ನಾಣ್ಯ, ಜೊತೆಗೆ ಮಾರುವವನೇ ಸಹಿ ಹಾಕಿದ 'ಅಸಲಿ' ಪ್ರಮಾಣಪತ್ರ. ಮದುವೆ ಗಂಡಿಗೆ ಅವನಮ್ಮನೇ ಬರೆದುಕೊಟ್ಟ ನಡತೆ ಪತ್ರದಂತೆ! ನಾಣ್ಯ ಹಿಂದೆ ಯಾರ ಬಳಿ ಇತ್ತು, ಯಾವ ಹರಾಜಿನಲ್ಲಿ ಹೋಯಿತು ಎಂಬ ಸುದ್ದಿಯೇ ಇರುವುದಿಲ್ಲ. ಪೆಟ್ಟಿಗೆಗೂ ದುಡ್ಡು, ಪತ್ರಕ್ಕೂ ದುಡ್ಡು. ಮತ್ತೆ ಮಾರುವಾಗ ಎರಡಕ್ಕೂ ಸೊನ್ನೆ.

ಹಾಗಾಗಿ ನಾಣ್ಯ ಕೊಂಡ ಬಿಲ್ಲು ಎಸೆಯಬಾರದು. ಹಳೆಯ ಹರಾಜಿನ ಚೀಟಿ ನಾಣ್ಯದ ಜೊತೆಗೇ ಇರಬೇಕು. ಹುಣಸೆಹಣ್ಣು ಹಾಕಿ ಉಜ್ಜಿದರೆ ಹೊಳಪು ಬರುತ್ತದೆ, ಬೆಲೆ ಹೋಗುತ್ತದೆ. ರಜೆಗೆ ಬರುವಾಗ ಜೇಬಿನಲ್ಲಿ ಊರಿಗೆ ತರುವ ಹುಮ್ಮಸ್ಸೂ ಬೇಡ. ನೂರು ವರ್ಷ ದಾಟಿದ ನಾಣ್ಯ ಭಾರತದ 1972ರ ಕಾಯ್ದೆಯಂತೆ ಪುರಾವಸ್ತು. ಅದನ್ನು ಯುರೋಪಿನ ಹರಾಜಿಗೆ ಮರಳಿ ಕಳಿಸುವುದು ಸುಲಭವಲ್ಲ.

ಮುಂದಿನ ಕಣ್ಣು ರೋಮ್‌ನ ಚಕ್ರವರ್ತಿ ಡೊಮಿಷಿಯನ್‌ನ ತಾಮ್ರದ ನಾಣ್ಯದ ಮೇಲೆ. ಅದರ ಚಿತ್ರದಲ್ಲಿ, ಕ್ರಿ.ಶ. 88ರ ಉತ್ಸವದಲ್ಲಿ ಚಕ್ರವರ್ತಿ ಆಹುತಿ ಕೊಡುತ್ತಿದ್ದಾನೆ, ಎದುರಿಗೆ ವಾದ್ಯದವರು. ಎಲ್ಲ ಸೇರಿ 100 ಯುರೋ ಎಂದು ಮೊದಲೇ ಬರೆದಿಟ್ಟಾಗಿದೆ. ಅಂಚೆಯ 20 ಕಳೆದು, ಉಳಿದದ್ದನ್ನು 1.2ರಿಂದ ಭಾಗಿಸಿದರೆ ಕೂಗಬಹುದಾದದ್ದು 66. ಯಾರಾದರೂ 67 ಎಂದರೆ ನಾಣ್ಯ ಅವರದು.