ಮಣ್ಣಿನ ಹಾದಿ ಮೊದಲು, ವೈನ್ ಆಮೇಲೆ: ಬಸವೇಶ್ವರನಗರದಿಂದ ಒಂದು ದಿನದ ದ್ರಾಕ್ಷಿ ತೋಟದ ಪ್ರವಾಸ

ಹಾವನೂರು ವೃತ್ತದಿಂದ ಐವತ್ತು ಕಿಲೋಮೀಟರ್ ಆಸುಪಾಸಿನಲ್ಲಿ, ದೊಡ್ಡಬಳ್ಳಾಪುರ–ದೇವನಹಳ್ಳಿ ರಸ್ತೆಯ ರಘುನಾಥಪುರದಲ್ಲಿ, ಕರ್ನಾಟಕದ ಹೆಸರಾಂತ ವೈನ್ ತೋಟವಿದೆ. ಕನ್ವಲ್ ಗ್ರೋವರ್ 1988ರಲ್ಲಿ ಆರಂಭಿಸಿದ ಕಂಪನಿ ಅದು. ಈಗ ಗ್ರೋವರ್ ಜಂಪಾ ಎಂಬ ಹೆಸರಿನಲ್ಲಿ ನಡೆಯುತ್ತಿದೆ. ಫ್ರಾನ್ಸಿನ ಹೆಸರಾಂತ ವೈನ್ ತಜ್ಞ ಮಿಶೆಲ್ ರೋಲಾಂ ಇಲ್ಲಿಗೆ ಸಲಹೆಗಾರರಾಗಿದ್ದರು. ನಮ್ಮ ಬಡಾವಣೆಯಿಂದ ಮೈಸೂರಿಗೆ ಬೆಳಿಗ್ಗೆ ಹೋಗಿ ರಾತ್ರಿ ಬರುವವರು ಬೇಕಾದಷ್ಟು ಜನ ಇದ್ದಾರೆ. ಅದರ ಅರ್ಧ ದೂರವೂ ಇಲ್ಲದ ಈ ದ್ರಾಕ್ಷಿ ಸೀಮೆಯನ್ನು ನೆಮ್ಮದಿಯಾಗಿ ನೋಡಿ ಬಂದವರು ಕಡಿಮೆ.

ಇಟಲಿಯ ಟಸ್ಕನಿಯಲ್ಲಿ ಇಂಥ ದಿನದ ಪ್ರವಾಸಕ್ಕೆ ದೊಡ್ಡ ಬೇಡಿಕೆ. ನಾಲ್ಕಾರು ಜನರಿಗೆ ಒಂದು ಜೀಪು, ಚಾಲಕ, ಬಿಳಿ ಜಲ್ಲಿಯ ಹಳ್ಳಿ ರಸ್ತೆಗಳು, ನಡುನಡುವೆ ಎರಡು ಮೂರು ತೋಟ, ಕೊನೆಗೆ ಊಟ. ಅಲ್ಲಿನ ಕಿಯಾಂಟಿ ಸೀಮೆಗೆ 1716ರಲ್ಲೇ ಆಗಿನ ದೊರೆ ಮೂರನೇ ಕೊಸಿಮೊ ಗಡಿ ಗುರುತಿಸಿದ್ದ. ನಮ್ಮ ನಂದಿ ಬೆಟ್ಟದ ತಪ್ಪಲಿಗೆ ಅಷ್ಟು ಹಳೆಯ ವೈನ್ ಇತಿಹಾಸ ಇಲ್ಲ. ಆದರೆ ದ್ರಾಕ್ಷಿ ಇದೆ, ಕೆಮ್ಮಣ್ಣಿನ ಗಾಡಿದಾರಿ ಇದೆ, ಜೊತೆಗೆ ಟಸ್ಕನಿಯಲ್ಲಿ ಸಿಗದ ಒಂದು ಒಂಬತ್ತನೇ ಶತಮಾನದ ಶಿವಾಲಯವೂ ಇದೆ. ಇವನ್ನು ಸರಿಯಾದ ಕ್ರಮದಲ್ಲಿ ಜೋಡಿಸಿಕೊಂಡರೆ ದಿನ ಚೆನ್ನಾಗಿ ಕಳೆಯುತ್ತದೆ. ಬಹಳ ಜನ ನೇರವಾಗಿ ಗ್ಲಾಸಿನ ಮುಂದೆ ಹೋಗಿ ಕೂರುತ್ತಾರೆ. ತೋಟ ನೋಡದೆ ಕುಡಿದ ವೈನ್ ನಗರದ ಯಾವ ಅಂಗಡಿಯಲ್ಲೂ ಸಿಗುತ್ತದೆ. ಅದಕ್ಕಾಗಿ ಇಷ್ಟು ದೂರ ಹೋಗಬೇಕಾಗಿಲ್ಲ.

ತಿಂಗಳು ಗೊತ್ತುಮಾಡಿಕೊಳ್ಳಿ

ಫೆಬ್ರವರಿ ಮಧ್ಯದಿಂದ ಮಾರ್ಚ್ ಕೊನೆಯವರೆಗಿನ ಅವಧಿ ಎಲ್ಲಕ್ಕಿಂತ ಒಳ್ಳೆಯದು. ನಮ್ಮಲ್ಲಿ ವೈನ್ ದ್ರಾಕ್ಷಿಯ ಕೊಂಬೆಗಳನ್ನು ವರ್ಷಕ್ಕೆ ಎರಡು ಸಲ ಸವರುತ್ತಾರೆ. ಕೊಯ್ಲು ಮುಗಿದ ಮೇಲೆ ಬೇಸಿಗೆಯಲ್ಲಿ ಒಮ್ಮೆ, ಹಣ್ಣಿಗಾಗಿ ಸೆಪ್ಟೆಂಬರ್–ಅಕ್ಟೋಬರ್ ಹೊತ್ತಿಗೆ ಇನ್ನೊಮ್ಮೆ. ಯುರೋಪಿನಂತೆ ಚಳಿಗಾಲದಲ್ಲಿ ಬಳ್ಳಿ ತಾನಾಗಿ ಮಲಗುವುದಿಲ್ಲವಾದ್ದರಿಂದ ಈ ಕತ್ತರಿ ಕೆಲಸವೇ ಅದರ ಋತುವನ್ನು ನಿರ್ಧರಿಸುತ್ತದೆ. ಹಾಗಾಗಿ ಅಕ್ಟೋಬರ್‌ನಲ್ಲಿ ಹೋದರೆ ಬೋಳು ಕಡ್ಡಿಗಳು ಕಾಣುತ್ತವೆ, ಮಾರ್ಚ್‌ನಲ್ಲಿ ಹೋದರೆ ತುಂಬಿದ ಗೊಂಚಲು ಕಾಣುತ್ತದೆ. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಮಳೆಯ ಕಾಟವೂ ಇರುತ್ತದೆ. ನೆನೆದ ಕೆಮ್ಮಣ್ಣಿನ ಮೇಲೆ ಎಂಥ ಟೈರೂ ಜಾರುತ್ತದೆ.

ದಿನ ಗೊತ್ತುಮಾಡುವಾಗ ಮದ್ಯ ನಿಷೇಧದ ದಿನಗಳನ್ನು ನೋಡಿಕೊಳ್ಳಿ. ಗಾಂಧಿ ಜಯಂತಿಯಂದು ಮಾರಾಟ ಇರುವುದಿಲ್ಲ. ಚುನಾವಣೆ ಇದ್ದರೆ ಮತದಾನ ಮುಗಿಯುವ ಮುಂಚಿನ 48 ಗಂಟೆ ಬಾಗಿಲು ಹಾಕಿರುತ್ತದೆ. ವಾರದ ನಡುವೆ ರಜೆ ಹಾಕಲು ಆಗುವುದಾದರೆ ಹಾಕಿ. ಶನಿವಾರ, ಭಾನುವಾರ ನಂದಿ ಬೆಟ್ಟದ ದಾರಿಯಲ್ಲಿ ವಾಹನಗಳ ಸಾಲು ನಿಂತಿರುತ್ತದೆ.

ಫೋನ್ ಮಾಡಿ ಕೇಳಬೇಕಾದದ್ದು

ವೈನ್ ಕಾರ್ಖಾನೆಗೆ ಹೇಳದೆ ಕೇಳದೆ ಹೋಗಬೇಡಿ, ಒಂದು ವಾರ ಮೊದಲೇ ಫೋನ್ ಮಾಡಿ. ತೋಟ ಸುತ್ತಿಸುವ ಸಮಯ ಯಾವುದು, ರುಚಿಗೆ ಎಷ್ಟು ಬಗೆಯ ವೈನ್ ಕೊಡುತ್ತಾರೆ, ಸಸ್ಯಾಹಾರದ ಊಟ ಇದೆಯೇ, ಕುಡಿಯದವರಿಗೆ ಶುಲ್ಕ ಬೇರೆಯೇ ಎಂಬುದನ್ನು ಕೇಳಿ. ಮುಖ್ಯವಾಗಿ, ಬಳ್ಳಿಗಳ ಸಾಲಿನೊಳಗೆ ನಡೆಯಲು ಬಿಡುತ್ತಾರೋ ಅಥವಾ ಕಟ್ಟಡದೊಳಗಷ್ಟೇ ಸುತ್ತಿಸಿ ಕಳಿಸುತ್ತಾರೋ ಎಂದು ಬಾಯಿಬಿಟ್ಟು ಕೇಳಿ. ಸಾಲಿನೊಳಗೆ ಬಿಡುವುದಿಲ್ಲ ಎಂದರೆ ದಿನವನ್ನೇ ಬದಲಿಸಿ. ಅಬಕಾರಿ ನಿಯಮದಂತೆ 21 ವರ್ಷದೊಳಗಿನವರಿಗೆ ಮದ್ಯ ಕೊಡುವಂತಿಲ್ಲ. ಕಾಲೇಜಿನ ಮಕ್ಕಳಂತೆ ಕಾಣುವವರು ಗುರುತಿನ ಚೀಟಿ ಇಟ್ಟುಕೊಂಡಿರಲಿ.

ಗಾಡಿ ಮತ್ತು ಚಾಲಕ

ಇಡೀ ಪ್ರವಾಸದಲ್ಲಿ ರಾಜಿ ಮಾಡಿಕೊಳ್ಳಬಾರದ ವಿಷಯ ಇದೊಂದೇ: ರುಚಿ ನೋಡುವವರು ಯಾರೂ ಸ್ಟೀರಿಂಗ್ ಹಿಡಿಯಬಾರದು. ರುಚಿಗೆ ಒಂದು ಸಲಕ್ಕೆ 50 ಮಿ.ಲೀ.ನಂತೆ ಐದು ಬಗೆ ಕೊಟ್ಟರು ಎಂದುಕೊಳ್ಳಿ. ಒಟ್ಟು 250 ಮಿ.ಲೀ. ಆಯಿತು, ಅಂದರೆ 750 ಮಿ.ಲೀ. ಬಾಟಲಿಯ ಮೂರರಲ್ಲಿ ಒಂದು ಭಾಗ. ಶೇ 13ರ ವೈನ್ ಆದರೆ ಅದರಲ್ಲಿ ಸುಮಾರು 25 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತದೆ. 100 ಮಿ.ಲೀ. ರಕ್ತದಲ್ಲಿ 30 ಮಿಲಿಗ್ರಾಂ ದಾಟಿದರೆ ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನಡಿ ಅಪರಾಧ. ಮೊದಲ ಸಲಕ್ಕೇ ₹10,000 ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ‘ಬರೀ ರುಚಿ ನೋಡಿದೆ’ ಎಂಬ ಮಾತು ಪೊಲೀಸರ ಯಂತ್ರದ ಮುಂದೆ ನಡೆಯುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಸಂಜೆಯ ಹೊತ್ತು ರಾಜಾನುಕುಂಟೆ ರಸ್ತೆಯಲ್ಲಿ ಸೈಕಲ್ ತುಳಿದುಕೊಂಡು ಮನೆಗೆ ಹೋಗುವವರ ಜೀವದ ಪ್ರಶ್ನೆ ಅದು.

ಆರು ಜನರ ಗುಂಪಾದರೆ ಹಳದಿ ಬೋರ್ಡಿನ ಇನ್ನೋವಾ ಅಥವಾ ಬೊಲೆರೊ ಸಾಕು. ಊರೊಳಗಿನ ಬಾಡಿಗೆ ಸಾಮಾನ್ಯವಾಗಿ 8 ಗಂಟೆ–80 ಕಿ.ಮೀ. ಅಥವಾ 12 ಗಂಟೆ–120 ಕಿ.ಮೀ. ಲೆಕ್ಕದಲ್ಲಿ ಇರುತ್ತದೆ, ಹೊರ ಊರಿನ ಲೆಕ್ಕವಾದರೆ ದಿನಕ್ಕೆ ಕನಿಷ್ಠ 250–300 ಕಿ.ಮೀ. ಕಟ್ಟಬೇಕಾಗುತ್ತದೆ. ನಮ್ಮ ಸುತ್ತು 130–150 ಕಿ.ಮೀ. ಒಳಗೆ ಮುಗಿಯುವುದರಿಂದ ಹನ್ನೆರಡು ಗಂಟೆಯ ಲೆಕ್ಕ ಹಿಡಿದು, ಮೇಲಿನ ಕಿಲೋಮೀಟರಿಗೆ ದರ ಮಾತಾಡಿಕೊಂಡರೆ ಉಳಿತಾಯ. ಡ್ರೈವರ್ ಬಾಟಾ, ಟೋಲ್, ಪಾರ್ಕಿಂಗ್ ಯಾರದು ಎಂಬುದನ್ನು ಮೊದಲೇ ತೀರ್ಮಾನಿಸಿ. ಮಣ್ಣಿನ ದಾರಿಗೆ ಇಳಿಯುವ ವಿಷಯವನ್ನೂ ಮುಚ್ಚಿಡದೆ ಹೇಳಿ. ಗಾಡಿ ಅವರ ಅನ್ನದ ದಾರಿ, ತಳ ತಾಗಿದರೆ ನಷ್ಟ ಅವರಿಗೆ.

ಥಾರ್‌ನಂಥ ಫೋರ್ ವೀಲ್ ಗಾಡಿಯನ್ನೇ ಸೆಲ್ಫ್ ಡ್ರೈವ್ ಬಾಡಿಗೆಗೆ ತಗೊಳ್ಳುವುದಾದರೆ, ಕಪ್ಪು ಫಲಕದ ಮೇಲೆ ಹಳದಿ ಅಕ್ಷರ ಇರುವ ಪರವಾನಗಿ ಗಾಡಿಯನ್ನೇ ತಗೊಳ್ಳಿ. ಕಾಡುದಾರಿ, ಹೊಲದಾರಿಯಲ್ಲಿ ಓಡಿಸಬಾರದು ಎಂಬ ಷರತ್ತು ಇದೆಯೇ ಎಂದು ಒಪ್ಪಂದದ ಪತ್ರ ಓದಿ. ಮತ್ತು ಗುಂಪಿನಲ್ಲಿ ಒಬ್ಬರು ಅಂದು ಒಂದು ತೊಟ್ಟೂ ಮುಟ್ಟುವುದಿಲ್ಲ ಎಂದು ಹಿಂದಿನ ದಿನವೇ ಒಪ್ಪಿರಬೇಕು.

ಬೆಳಿಗ್ಗೆ ಆರಕ್ಕೆ

ಪವಿತ್ರಾ ಪ್ಯಾರಡೈಸ್ ಅಥವಾ ಶಂಕರಮಠದ ಬಳಿ ಎಲ್ಲರೂ ಸೇರಿ ಆರಕ್ಕೆ ಹೊರಟುಬಿಡಿ. ಗೊರಗುಂಟೆಪಾಳ್ಯ, ಬಿಇಎಲ್ ವೃತ್ತ, ಹೆಬ್ಬಾಳ ದಾಟಿ ಬಳ್ಳಾರಿ ರಸ್ತೆ ಹಿಡಿದರೆ ಏಳೂವರೆಯೊಳಗೆ ನಂದಿ ಗ್ರಾಮ ಮುಟ್ಟಬಹುದು. ಏಳಕ್ಕೆ ಹೊರಟರೆ ಗೊರಗುಂಟೆಪಾಳ್ಯದಲ್ಲೇ ಅರ್ಧ ಗಂಟೆ ಹೋಗುತ್ತದೆ. ದಾರಿಯಲ್ಲಿ ಇಡ್ಲಿಯೋ ಉಪ್ಪಿಟ್ಟೋ ಹೊಟ್ಟೆ ತುಂಬ ತಿನ್ನಿ. ಖಾಲಿ ಹೊಟ್ಟೆಯಲ್ಲಿ ವೈನ್ ಬೇಗ ತಲೆಗೇರುತ್ತದೆ. ಹೆಂಗಸರು, ಹಿರಿಯರು ಜೊತೆಗಿದ್ದರೆ ಶೌಚಾಲಯದ ಕೆಲಸವನ್ನು ಹೆದ್ದಾರಿಯ ಹೋಟೆಲಿನಲ್ಲೇ ಮುಗಿಸಿಕೊಳ್ಳಿ. ಒಳದಾರಿಗೆ ಇಳಿದ ಮೇಲೆ ಸಿಗುವುದಿಲ್ಲ.

ಬೆಟ್ಟದ ಮೇಲೆ ಹೋಗಬೇಡಿ. 1,478 ಮೀಟರ್ ಎತ್ತರದ ಆ ಬೆಟ್ಟಕ್ಕೆ ಬೇರೆಯೇ ಒಂದು ದಿನ ಬೇಕು. ಅದರ ಬದಲು ಕೆಳಗಿನ ಭೋಗನಂದೀಶ್ವರ ದೇವಾಲಯ ನೋಡಿ. ಬಾಣ ದೊರೆಯ ರಾಣಿ ರತ್ನಾವಳಿಯ ಹೆಸರಿನೊಂದಿಗೆ ಗುರುತಿಸುವ ಗುಡಿ ಅದು. ಚೋಳರು, ಹೊಯ್ಸಳರು, ವಿಜಯನಗರದವರು ಮುಂದೆ ಒಂದೊಂದನ್ನು ಸೇರಿಸುತ್ತ ಹೋದರು. ಕಲ್ಯಾಣಿಯ ಮೆಟ್ಟಿಲ ಮೇಲೆ ಬೆಳಗಿನ ಬಿಸಿಲು ಇಳಿಯುವ ಹೊತ್ತಿಗೆ ಅಲ್ಲಿ ಗಲಾಟೆ ಇರುವುದಿಲ್ಲ. ದರ್ಶನ ಬೆಳಿಗ್ಗೆಯೇ ಆಗಲಿ. ಕುಡಿದ ಮೇಲೆ ಗುಡಿಗೆ ಹೋಗುವುದು ನಮ್ಮ ಮನೆಗಳಲ್ಲಿ ಒಪ್ಪುವ ಮಾತಲ್ಲ. ವೈನ್ ಮುಟ್ಟದ ಅಜ್ಜ ಅಜ್ಜಿಯರು ಜೊತೆಗಿದ್ದರೆ ಅವರ ಪಾಲಿಗೆ ಈ ಗುಡಿಯೇ ದಿನದ ದೊಡ್ಡ ಭಾಗ. ವಿಶ್ವೇಶ್ವರಯ್ಯನವರ ಮುದ್ದೇನಹಳ್ಳಿಯೂ ಹತ್ತಿರದಲ್ಲೇ ಇದೆ, ಹೊತ್ತಿದ್ದರೆ ಮಾತ್ರ ಹೋಗಿ.

ಗಾಡಿದಾರಿಯಲ್ಲಿ

ನಂದಿಯಿಂದ ದೊಡ್ಡಬಳ್ಳಾಪುರದ ಕಡೆಗೆ ಡಾಂಬರು ರಸ್ತೆ ಇದೆ. ಅದನ್ನು ಬಿಟ್ಟು ಹಳ್ಳಿಯಿಂದ ಹಳ್ಳಿಗೆ ಹೋಗುವ ಮಣ್ಣಿನ ದಾರಿಗಳೂ ಇವೆ. ಊರ ಬಾಗಿಲಲ್ಲಿ ಯಾರಾದರೂ ಸಿಕ್ಕರೆ ಗಾಡಿ ನಿಲ್ಲಿಸಿ, ‘ಯಜಮಾನ್ರೇ, ಈ ದಾರಿ ಮುಂದಕ್ಕೆ ಹೋಗುತ್ತಾ?’ ಎಂದು ಕೇಳಿ. ಮ್ಯಾಪಿನಲ್ಲಿ ಕಾಣುವ ಎಷ್ಟೋ ದಾರಿಗಳು ಯಾರದೋ ಜಮೀನಿನಲ್ಲಿ ಮುಗಿಯುತ್ತವೆ. ರಾಗಿ ಹೊಲದ ಬದುವಿನ ಮೇಲೆ, ಹನಿ ನೀರಾವರಿ ಪೈಪಿನ ಮೇಲೆ, ಕೆರೆಯ ಅಂಗಳದಲ್ಲಿ ಗಾಡಿ ಓಡಿಸುವುದು ಸಾಹಸವಲ್ಲ, ಇನ್ನೊಬ್ಬರ ಬದುಕಿಗೆ ಹಾನಿ. ಅರಣ್ಯ ಇಲಾಖೆಯ ಕಲ್ಲು ಕಂಡರೆ ಅಲ್ಲಿಂದಲೇ ಹಿಂದಿರುಗಿ.

ಏರು ಇಳುಕಲಿನಲ್ಲಿ ಮೊದಲ ಅಥವಾ ಎರಡನೇ ಗೇರ್ ಸಾಕು. ಇಳಿಜಾರಿನಲ್ಲಿ ಕ್ಲಚ್ ಒತ್ತಿ ಬಿಡಬೇಡಿ, ಎಂಜಿನ್ನೇ ಗಾಡಿಯನ್ನು ಹಿಡಿದಿರಲಿ. ಟ್ರ್ಯಾಕ್ಟರಿನ ಚಕ್ರ ಕೊರೆದ ಎರಡು ಕಾಲುವೆಗಳ ನಡುವಿನ ದಿಬ್ಬ ಎತ್ತರವಿದ್ದರೆ, ಒಂದು ಚಕ್ರ ದಿಬ್ಬದ ಮೇಲೆ, ಇನ್ನೊಂದು ಅಂಚಿನ ಮೇಲೆ ಬರುವಂತೆ ಓಡಿಸಿದರೆ ತಳ ತಾಗುವುದಿಲ್ಲ. ಎದುರಿಗೆ ಕುರಿ ಹಿಂಡು ಬಂದರೆ ಎಂಜಿನ್ ಆರಿಸಿ ಕಾಯಿರಿ.

ಈ ದಾರಿಗಳ ಪಕ್ಕದಲ್ಲೇ ಬೆಂಗಳೂರು ಬ್ಲೂ ದ್ರಾಕ್ಷಿಯ ಚಪ್ಪರಗಳು ಸಿಗುತ್ತವೆ. ಕಲ್ಲು ಕಂಬ ನಿಲ್ಲಿಸಿ ತಂತಿ ಹೆಣೆದು, ತಲೆ ಎತ್ತರಕ್ಕೆ ಬಳ್ಳಿ ಹಬ್ಬಿಸಿರುತ್ತಾರೆ. ಕೆಳಗೆ ನಿಂತರೆ ಮಟ ಮಟ ಮಧ್ಯಾಹ್ನವೂ ನೆರಳು. 2013ರಲ್ಲಿ ಭೌಗೋಳಿಕ ಗುರುತು ಪಡೆದ ತಳಿ ಇದು. ವರ್ಷಕ್ಕೆ ಎರಡು ಬೆಳೆ ಕೊಡುತ್ತದೆ, ಜ್ಯೂಸಿಗೂ ಸಿಹಿ ವೈನಿಗೂ ಹೋಗುತ್ತದೆ. ತೋಟದವರನ್ನು ಕೇಳಿ ಒಳಗೆ ಹೋಗಿ. ಎಲೆಯ ಮೇಲೆ ನೀಲಿ ಪುಡಿ ಕಂಡರೆ ಅದು ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ, ಬೂಜುರೋಗಕ್ಕೆ ಹೊಡೆದದ್ದು. ಔಷಧಿ ಹೊಡೆದು ಎಷ್ಟು ದಿನವಾಯಿತು ಎಂದು ಕೇಳದೆ ಹಣ್ಣು ಬಾಯಿಗೆ ಹಾಕಬೇಡಿ, ತೊಳೆಯದೆ ಅಂತೂ ಬೇಡವೇ ಬೇಡ.

ಒಂದು ಹಣ್ಣನ್ನು ಎರಡು ಬೆರಳ ನಡುವೆ ಹಿಡಿದು ಹಿಸುಕಿ ನೋಡಿ. ತಿರುಳು ಇಡಿಯಾಗಿ ಚಿಮ್ಮಿ ಹೊರಗೆ ಬರುತ್ತದೆ, ಸಿಪ್ಪೆ ಬೆರಳಲ್ಲೇ ಉಳಿಯುತ್ತದೆ. ಆ ಘಮ ನಮ್ಮೂರಿನ ಮಕ್ಕಳಿಗೆ ದ್ರಾಕ್ಷಿ ರಸದ ಬಾಟಲಿಯಿಂದ ಪರಿಚಿತ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕಾರ್ಖಾನೆಯ ತೋಟದಲ್ಲಿ

ಹನ್ನೊಂದರ ಹೊತ್ತಿಗೆ ರಘುನಾಥಪುರ ಸೇರಿದರೆ ಸರಿ. ಇಲ್ಲಿನ ಬಳ್ಳಿಗಳು ಚಪ್ಪರದ ಮೇಲಿಲ್ಲ, ಬೇಲಿಯಂತೆ ನೇರ ತಂತಿಗೆ ಹಬ್ಬಿವೆ. ಕ್ಯಾಬರ್ನೆ ಸೊವಿನ್ಯೊಂ, ಶಿರಾಜ್, ವಿಯೊನ್ಯೆ ಮೊದಲಾದ ತಳಿಗಳು. ಜೊತೆಗೆ ಬಂದ ಸಿಬ್ಬಂದಿಯನ್ನು ಕೇಳಿ ಒಂದೇ ಒಂದು ಶಿರಾಜ್ ಹಣ್ಣು ಪಡೆಯಿರಿ. ಬೆಂಗಳೂರು ಬ್ಲೂಗಿಂತ ಚಿಕ್ಕದು, ಸಿಪ್ಪೆ ದಪ್ಪ, ತಿರುಳು ಸಿಪ್ಪೆಗೆ ಅಂಟಿಕೊಂಡೇ ಇರುತ್ತದೆ. ಹಿಂಡಿದರೆ ಬರುವ ರಸಕ್ಕೆ ಹೆಚ್ಚುಕಮ್ಮಿ ಬಣ್ಣವೇ ಇಲ್ಲ. ಕೆಂಪು ವೈನಿನ ಕೆಂಪೆಲ್ಲ ಸಿಪ್ಪೆಯದು. ರಸವನ್ನು ಸಿಪ್ಪೆಯ ಜೊತೆಗೇ ಹುಳಿಯಲು ಬಿಡುವುದರಿಂದ ಬಣ್ಣ, ಒಗರು ಎರಡೂ ಇಳಿಯುತ್ತವೆ. ಬೀಜ ಕಚ್ಚಿ ನೋಡಿ: ಕಂದು ಬಣ್ಣಕ್ಕೆ ತಿರುಗಿ ಕಟುಂ ಎಂದರೆ ಹಣ್ಣು ಮಾಗಿದೆ, ಹಸಿರಾಗಿ ಕಹಿಯಾಗಿದ್ದರೆ ಇನ್ನೂ ಇಲ್ಲ. ಆ ಬಾಯಿಯಲ್ಲೇ ಒಳಗೆ ಹೋಗಿ ಸ್ಟೀಲ್ ಟ್ಯಾಂಕುಗಳನ್ನೂ ಓಕ್ ಮರದ ಪೀಪಾಯಿಗಳನ್ನೂ ನೋಡಿದರೆ ಸಿಬ್ಬಂದಿಯ ವಿವರಣೆ ಸಲೀಸಾಗಿ ತಲೆಗೆ ಹೋಗುತ್ತದೆ.

ರುಚಿ ನೋಡುವ ಕ್ರಮ

ಅಂದು ಸೆಂಟು ಹಾಕಿಕೊಳ್ಳಬೇಡಿ, ಪಕ್ಕದವರ ಗ್ಲಾಸಿಗೂ ತೊಂದರೆ. ಬುರುಗಿನ ವೈನ್, ಬಿಳಿ, ರೋಸೆ, ಕೆಂಪು, ಕೊನೆಗೆ ಸಿಹಿ. ಈ ಸಾಲು ತಪ್ಪಿದರೆ ಮುಂದಿನದು ಸಪ್ಪೆ ಎನಿಸುತ್ತದೆ. ಗ್ಲಾಸನ್ನು ಕಾಂಡದಲ್ಲಿ ಹಿಡಿದು ಬಿಳಿ ಕಾಗದದ ಮುಂದೆ ಬಣ್ಣ ನೋಡಿ. ಅಲುಗಿಸುವ ಮೊದಲು ಒಮ್ಮೆ, ಅಲುಗಿಸಿದ ಮೇಲೆ ಒಮ್ಮೆ ಮೂಸಿ. ಒಂದು ಗುಟುಕನ್ನು ಬಾಯಿ ತುಂಬ ಆಡಿಸಿ. ನಾಲಿಗೆಯ ಅಕ್ಕಪಕ್ಕ ನೀರೂರಿದರೆ ಹುಳಿ, ವಸಡು ಬಿಗಿದಂತಾದರೆ ಒಗರು. ಬಾಳೆಕಾಯಿ ಸಿಪ್ಪೆ ಕಚ್ಚಿದಾಗ ಆಗುವ ಬಿಗಿತವೇ ಅದು. ಬೆಳಿಗ್ಗೆ ಹಿಸುಕಿದ ಬೆಂಗಳೂರು ಬ್ಲೂ ಘಮ ಇಲ್ಲಿಲ್ಲ ಎಂಬುದು ಈಗ ಮೂಗಿಗೇ ಗೊತ್ತಾಗುತ್ತದೆ.

ಉಗುಳಲು ಪಾತ್ರೆ ಇಟ್ಟಿರುತ್ತಾರೆ, ನಾಚಿಕೆ ಬೇಡ. ವೃತ್ತಿಯವರೆಲ್ಲ ಉಗುಳುತ್ತಾರೆ. ಇಷ್ಟವಾದದ್ದನ್ನು ಮಾತ್ರ ನುಂಗಿ, ನಡುವೆ ನೀರು ಕುಡಿಯಿರಿ. ಮನೆಯಿಂದ ಕೋಡುಬಳೆ, ಚಟ್ನಿಪುಡಿ ಒಯ್ದಿದ್ದರೆ ಅವು ಊಟದ ಹೊತ್ತಿಗೆ. ರುಚಿ ನೋಡುವಾಗ ಸಪ್ಪೆ ಬ್ರೆಡ್ ಅಥವಾ ಉಪ್ಪು ಹಾಕದ ಕಡಲೆಕಾಯಿ ಬೀಜ ಸಾಕು. ಗರ್ಭಿಣಿಯರು, ಲಿವರ್ ತೊಂದರೆ ಇರುವವರು, ಮದ್ಯಕ್ಕೆ ಹೊಂದದ ಔಷಧಿ ತೆಗೆದುಕೊಳ್ಳುವವರು ಗ್ಲಾಸು ಮುಟ್ಟುವುದು ಬೇಡ. ಮದ್ಯದಲ್ಲಿ ಅಪಾಯವಿಲ್ಲದ ಪ್ರಮಾಣ ಎಂಬುದೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿ ಹೇಳಿದೆ. ಹಾಗಾಗಿ ಯಾರನ್ನೂ ಒತ್ತಾಯಿಸಬೇಡಿ.

ಬಾಟಲಿ ಕೊಂಡರೆ ಬಿಲ್ ಇಟ್ಟುಕೊಳ್ಳಿ. ಬಿಸಿಲಲ್ಲಿ ನಿಂತ ಕಾರಿನೊಳಗೆ ವೈನ್ ಕೆಡುತ್ತದೆ, ಒಂದು ಥರ್ಮೊಕೋಲ್ ಡಬ್ಬಿ ಜೊತೆಗಿರಲಿ. ಕೆಂಪು ವೈನನ್ನು ಕೋಣೆಯ ಬಿಸಿಯಲ್ಲೇ ಕುಡಿಯಬೇಕೆಂಬ ಮಾತು ತಂಪು ದೇಶದ್ದು. ನಮ್ಮ ಬೇಸಿಗೆಯಲ್ಲಿ ಸ್ವಲ್ಪ ಹೊತ್ತು ಫ್ರಿಜ್ಜಿನಲ್ಲಿಟ್ಟು 16–18 ಡಿಗ್ರಿಗೆ ತಂದರೆ ಸರಿಯಾಗುತ್ತದೆ.

ಊಟ ಮುಗಿಸಿ ಮೂರರೊಳಗೆ ಹೊರಟರೆ ದೊಡ್ಡಬಳ್ಳಾಪುರ, ರಾಜಾನುಕುಂಟೆ, ಯಲಹಂಕ ದಾರಿಯಲ್ಲಿ ಐದೂವರೆಗೆ ಮನೆ. ಇಷ್ಟು ಸುತ್ತಾಟ ಬೇಡ ಎನ್ನುವವರಿಗೆ ಮೈಸೂರು ರಸ್ತೆಯಲ್ಲಿ ಚನ್ನಪಟ್ಟಣದ ಡೊಮೇನ್ ಸುಲಾ ವೈನ್ ಕಾರ್ಖಾನೆ ಇದೆ. ನಾಗರಬಾವಿ, ಕೆಂಗೇರಿ ಮೇಲೆ ನೇರ ದಾರಿ, ಬಿಡದಿಯ ತಟ್ಟೆ ಇಡ್ಲಿಯೂ ಸಿಗುತ್ತದೆ. ಮಣ್ಣಿನ ಹಾದಿಯ ಸುಖ ಮಾತ್ರ ಅಲ್ಲಿಲ್ಲ. ಇಟಲಿಯ ದ್ರಾಕ್ಷಿಯನ್ನೇ ಸವಿಯಬೇಕು ಎಂಬ ಆಸೆಯಿದ್ದರೆ, ಟಸ್ಕನಿಯ ಸಾಂಜೊವೇಸೆ ತಳಿಯನ್ನು ಕೊಪ್ಪಳ ಜಿಲ್ಲೆಯಲ್ಲಿ ಕೃಷ್ಮಾ ಎಸ್ಟೇಟ್ಸ್‌ನವರು ಬೆಳೆದು ವೈನ್ ಮಾಡಿದ್ದಾರೆ.

ಬರುವಾಗ ಬೆಂಗಳೂರು ಬ್ಲೂ ಬೆಳೆದವರ ಹತ್ತಿರವೇ ಒಂದೆರಡು ಕಿಲೋ ಹಣ್ಣು ಕೊಂಡುಕೊಳ್ಳಿ, ಚೌಕಾಸಿ ಮಾಡಬೇಡಿ. ವಿಮಾನ ನಿಲ್ದಾಣ ಬಂದ ಮೇಲೆ ದೇವನಹಳ್ಳಿ ಸುತ್ತಿನ ಎಷ್ಟೋ ದ್ರಾಕ್ಷಿ ಚಪ್ಪರಗಳು ಕಿತ್ತು ಲೇಔಟುಗಳಾಗಿವೆ. ಉಳಿದವನ್ನು ನೋಡಬೇಕೆನಿಸಿದರೆ ಬರುವ ಮಾರ್ಚ್‌ಗೇ ದಿನ ಗೊತ್ತುಮಾಡಿ.