ವಾಯುಭಾರ ಕುಸಿದರೆ ಅಲ್ಟಿಮೀಟರ್ ಏನು ಹೇಳುತ್ತದೆ?

'ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ' ಎಂದು ವಾರ್ತೆಯಲ್ಲಿ ಕೇಳಿದರೆ ನಮಗೆ ನೆನಪಾಗುವುದು ಮಳೆ. ಪೈಲಟ್ ಆಗಬಯಸುವವರು ಅಲ್ಟಿಮೀಟರನ್ನೂ ನೆನಪಿಸಿಕೊಳ್ಳಬೇಕು.

ವಿಮಾನದ ಎತ್ತರ ತೋರಿಸುವ ಈ ಉಪಕರಣ ನಿಜವಾಗಿ ಅಳೆಯುವುದು ಹೊರಗಿನ ಗಾಳಿಯ ಒತ್ತಡವನ್ನು. ಮೇಲೇರಿದಂತೆ ಒತ್ತಡ ಕಡಿಮೆಯಾಗುತ್ತದೆ. ಆ ಲೆಕ್ಕದಿಂದಲೇ ಅದು ಎತ್ತರವನ್ನು ಅಡಿಗಳಲ್ಲಿ ತೋರಿಸುತ್ತದೆ.

ಲೆಕ್ಕಕ್ಕೆ ಪ್ರಥಮ ಪಿಯುಸಿಯ ಸೂತ್ರ ಸಾಕು:

ಒತ್ತಡದ ವ್ಯತ್ಯಾಸ = ಸಾಂದ್ರತೆ × ಗುರುತ್ವ ವೇಗೋತ್ಕರ್ಷ × ಎತ್ತರ

ಸಮುದ್ರಮಟ್ಟದ ಬಳಿ ಗಾಳಿಯ ಸಾಂದ್ರತೆ ಘನಮೀಟರಿಗೆ ಸುಮಾರು 1.2 ಕಿಲೋಗ್ರಾಂ. 1 ಹೆಕ್ಟೊಪ್ಯಾಸ್ಕಲ್ ಎಂದರೆ 100 ಪ್ಯಾಸ್ಕಲ್. 100 ÷ (1.2 × 9.8) = 8.5 ಮೀಟರ್. ಅಂದರೆ ಪ್ರತಿ 1 ಹೆಕ್ಟೊಪ್ಯಾಸ್ಕಲ್‌ಗೆ ಸುಮಾರು 28 ಅಡಿ.

ಅಲ್ಟಿಮೀಟರನ್ನು 1013 ಹೆಕ್ಟೊಪ್ಯಾಸ್ಕಲ್‌ಗೆ ಹೊಂದಿಸಿ ಹೊರಟ ಪೈಲಟ್, ಸಮುದ್ರಮಟ್ಟದ ಒತ್ತಡ 1003 ಇರುವ ಕಡೆ ಇಳಿಯುತ್ತಿದ್ದಾರೆ ಎಂದುಕೊಳ್ಳಿ. ವ್ಯತ್ಯಾಸ 10, ದೋಷ ಸುಮಾರು 280 ಅಡಿ. ಉಪಕರಣ 1000 ಅಡಿ ತೋರಿಸುವಾಗ ವಿಮಾನ ಇರುವುದು ಸುಮಾರು 720 ಅಡಿಯಲ್ಲಿ! ಮೋಡ ಕವಿದು ನೆಲ ಕಾಣದಿದ್ದು, ಎದುರಿಗೆ ಗುಡ್ಡವಿದ್ದರೆ ಈ ವ್ಯತ್ಯಾಸ ಜೀವಕ್ಕೇ ಅಪಾಯ.

ಇದಕ್ಕಾಗಿಯೇ ನಿಯಂತ್ರಣ ಗೋಪುರದವರು ನಿಲ್ದಾಣದ ಒತ್ತಡವನ್ನು ಸಮುದ್ರಮಟ್ಟಕ್ಕೆ ಪರಿವರ್ತಿಸಿ ಪೈಲಟ್‌ಗೆ ತಿಳಿಸುತ್ತಾರೆ. ಈ ಸಂಖ್ಯೆಯೇ ಕ್ಯೂಎನ್‌ಎಚ್. ಪೈಲಟ್ ಅದನ್ನು ಮರಳಿ ಹೇಳಿ ಖಚಿತಪಡಿಸಿಕೊಂಡು, ಅಲ್ಟಿಮೀಟರಿನಲ್ಲಿ ಹೊಂದಿಸಬೇಕು.

ನೀವೇ ಲೆಕ್ಕ ಹಾಕಿ: 1013ಕ್ಕೆ ಹೊಂದಿಸಿದ ಅಲ್ಟಿಮೀಟರ್, ಒತ್ತಡ 998 ಇರುವ ಕಡೆ ಎಷ್ಟು ಅಡಿ ಹೆಚ್ಚು ತೋರಿಸುತ್ತದೆ?